ರೆಫರ್ ಟು ಬಳ್ಳಾರಿ

ಬ್ಲಾಗಿನ ಕಡೆ ತಲೆ ಹಾಕಿ ಮೂರು ತಿಂಗಳ ಮೇಲಾಯ್ತು. ಒಂದಿಬ್ರು ಗೆಳೆಯರು "ಏನ್ ಸಾರ್, ಬರೆಯೋದು ಬಿಟ್ಟೇಬಿಟ್ರಾ?" ಅಂತ ಕೇಳಿದ್ರು. ಬಿಟ್ಟಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದು ಕೀಬೋರ್ಡ್ ಮುಂದೆ ಕೂತ್ರೆ ನಿದ್ದೆ ಬರ್ತದೆ, ಅಷ್ಟೇ ಕಾರಣ. ಇವತ್ತು ಮಾತ್ರ ಬರೀಲೇಬೇಕು ಅನ್ನಿಸ್ತು. ಯಾಕಂದ್ರೆ ಕಳೆದ ವಾರ ನಾನು, ನನ್ನ ಅಳಿಯ ಇಬ್ರೂ ಜಗಳ ಅನ್ನೋ ಮಟ್ಟಕ್ಕೆ ವಾದ ಮಾಡಿದ್ವಿ. ಅಳಿಯ ಅಂದ್ರೆ ಅಕ್ಕನ ಮಗ. ಆಂಬುಲೆನ್ಸಲ್ಲಿ ಇಎಂಟಿ, ಅಂದ್ರೆ ಹಿಂದೆ ರೋಗಿ ಜೊತೆ ಕೂತು ಬರೋನು. ನಾನು ತಾಲ್ಲೂಕು ಆಸ್ಪತ್ರೆಯೊಂದರ ಕ್ಯಾಶುವಾಲ್ಟಿಯಲ್ಲಿ ನರ್ಸಿಂಗ್ ಆಫೀಸರ್ (ಮೊದ್ಲು ಸ್ಟಾಫ್ ನರ್ಸ್ ಅಂತಿದ್ರು, ಹೆಸರು ದೊಡ್ಡದಾಯ್ತು, ಕೆಲಸ ಅದೇ). ಅವನು ರೋಗಿ ತರೋನು, ನಾನು ಇಳಿಸ್ಕೊಳ್ಳೋನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ... ಈ ಐದರಲ್ಲಿ ನಮ್ಮದು ಯಾವ ಊರು ಅಂತ ಹೇಳಲ್ಲ, ಹೇಳಿದ್ರೆ ನಾಳೆಯಿಂದ ಇನ್ನೇನೂ ಬರೆಯೋಕಾಗಲ್ಲ.

ಅಕ್ಕನ ಮನೆ ಪಡಸಾಲೇಲಿ ಮಂಡಕ್ಕಿ ಮಿರ್ಚಿ ತಿಂತಾ ಕೂತಿದ್ವಿ. ಅದೂ ಇದೂ ಮಾತಾಡ್ತಾ ಇದ್ದೋನು ಇದ್ದಕ್ಕಿದ್ದಂಗೆ ಅಂದ.

"ಮಾವಾ, ನೀವು ರೆಫರ್ ಟು ಬಳ್ಳಾರಿ ಅಂತ ಬರಿಯಾಕ ಒಂದು ನಿಮಿಷ ಸಾಕು. ನಾವು ಹೋಗಿ ಬರಾಕ ಐದು ತಾಸು ಬೇಕು. ಅಲ್ಲೀಮಟ ಈ ಊರಿಗೆ ಯಾರದಾರ?"

ನನಗೆ ಸಿಟ್ಟು ಬಂತು. ರೆಫರ್ ಬರೆಯೋದು ಡಾಕ್ಟರು. ಬರೆಯೋ ಮುಂಚೆ ಅವರೆಷ್ಟು ಒದ್ದಾಡಿರ್ತಾರೆ ಅನ್ನೋದು ನನಗೆ ಗೊತ್ತು. ಆದ್ರೆ ಅವನ ಪ್ರಶ್ನೆ ಸುಳ್ಳಲ್ಲ.

ಗೊತ್ತಿಲ್ಲದವರಿಗೆ ನಮ್ಮ ಕಡೆ ಭೂಗೋಳ ಸ್ವಲ್ಪ ಹೇಳ್ಬೇಕು. ಈ ಐದೂ ಈಗ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ್ವು, ಹೊಸಪೇಟೆ ಜಿಲ್ಲಾಕೇಂದ್ರ. ಕೊಟ್ಟೂರು ಇತ್ತೀಚಿನವರೆಗೆ ಕೂಡ್ಲಿಗಿ ತಾಲ್ಲೂಕಲ್ಲೇ ಇತ್ತು. ಹರಪನಹಳ್ಳಿ ಕಥೆ ಇನ್ನೂ ಚೆಂದ. 1997ರ ತನಕ ಬಳ್ಳಾರಿ ಜಿಲ್ಲೆ, ಆಮೇಲೆ ದಾವಣಗೆರೆ, 371ಜೆ ಸವಲತ್ತಿಗಾಗಿ ಹೋರಾಡಿ 2018ರಲ್ಲಿ ವಾಪಸ್ ಬಳ್ಳಾರಿ, 2021ಕ್ಕೆ ವಿಜಯನಗರ. ಕೂತ ಜಾಗದಿಂದ ಅಲ್ಲಾಡದೆ ಮೂರು ಸಲ ಜಿಲ್ಲೆ ಬದಲಾಯಿಸಿದ ಊರು ಅದು :-)

ಆದ್ರೆ ರೋಗಿ ಹೋಗೋ ದಾರಿ ಬೇರೆ. ಹರಪನಹಳ್ಳಿಯಿಂದ ಬಳ್ಳಾರಿ ನೂರು ಕಿಲೋಮೀಟರ್ ದಾಟ್ತದೆ, ದಾವಣಗೆರೆ ಅದರ ಅರ್ಧವೂ ಇಲ್ಲ. ಅಲ್ಲಿನ ಜಿಲ್ಲಾಸ್ಪತ್ರೆಗೆ ಚಿಗಟೇರಿ ಆಸ್ಪತ್ರೆ ಅಂತಾನೇ ಹೆಸರು, ಚಿಗಟೇರಿ ಅನ್ನೋ ಊರಿರೋದು ಹರಪನಹಳ್ಳಿ ತಾಲ್ಲೂಕಲ್ಲಿ! ಹಡಗಲಿಯವರು ಹೊಳೆ ದಾಟಿದ್ರೆ ಗದಗ ಜಿಲ್ಲೆ, ಅಲ್ಲಿ ಜಿಮ್ಸ್ ಇದೆ. ಕೂಡ್ಲಿಗಿ ದಕ್ಷಿಣದ ಹಳ್ಳಿಗಳೋರಿಗೆ ಹೈವೇ ಹಿಡಿದ್ರೆ ಚಿತ್ರದುರ್ಗ. ಹಗರಿಬೊಮ್ಮನಹಳ್ಳಿಯೋರಿಗೆ ಹೊಸಪೇಟೆ. ಐದು ತಾಲ್ಲೂಕು, ನಾಲ್ಕು ದಿಕ್ಕು. ಆದ್ರೂ ಕೈ ಅಭ್ಯಾಸ ನೋಡಿ, ಬಡವರ ಕೇಸು ಅಂದ್ರೆ ಪೆನ್ನು ತಾನಾಗೇ 'ವಿಮ್ಸ್ ಬಳ್ಳಾರಿ' ಅಂತ ಬರೀತದೆ. 1961ರಲ್ಲಿ ಶುರುವಾದ ಮೆಡಿಕಲ್ ಕಾಲೇಜು, ನಮ್ಮ ಅಪ್ಪಂದಿರ ಕಾಲದಿಂದ ದೊಡ್ಡಾಸ್ಪತ್ರೆ ಅಂದ್ರೆ ಅದೇ.

ಇನ್ನು 108ರ ವಿಷ್ಯ. ಕರ್ನಾಟಕದಲ್ಲಿ ಇದು ಶುರುವಾಗಿದ್ದು 2008ರ ನವೆಂಬರ್ 1ಕ್ಕೆ, ಆರೋಗ್ಯ ಕವಚ ಅನ್ನೋ ಹೆಸರಲ್ಲಿ. ಆಗ ಆರೋಗ್ಯ ಮಂತ್ರಿ ನಮ್ಮ ಬಳ್ಳಾರಿಯ ಶ್ರೀರಾಮುಲು. ನಡೆಸೋಕೆ ಬಂದಿದ್ದು ಹೈದರಾಬಾದಿನ ಇಎಂಆರ್‌ಐ, ಸತ್ಯಂ ಕಂಪನಿಯ ರಾಮಲಿಂಗರಾಜು 2005ರಲ್ಲಿ ಕಟ್ಟಿದ ಸಂಸ್ಥೆ. ಇಲ್ಲಿ ಗಾಡಿ ಬಿಟ್ಟು ಎರಡೇ ತಿಂಗಳಿಗೆ, 2009ರ ಜನವರಿಯಲ್ಲಿ ಸತ್ಯಂ ಹಗರಣ ಹೊರಬಿತ್ತು. ಆಮೇಲೆ ಜಿವಿಕೆಯವರು ಕೈಗೆ ತಗೊಂಡ್ರು. ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಅದಕ್ಕೂ ಮುಂಚೆ ನಮ್ಮ ಕಡೆ ರೋಗಿ ಬರ್ತಿದ್ದುದು ಟ್ರ್ಯಾಕ್ಟರ್ ಟ್ರೇಲರಲ್ಲಿ, ಟಂಟಂನಲ್ಲಿ, ಹೊರಸಿನ ಮೇಲೆ. ಬಿಳಿ ಗಾಡಿ ಊರೊಳಗೆ ದುಡ್ಡು ಕೇಳದೆ ಬರ್ತದೆ ಅನ್ನೋದನ್ನ ಜನ ನಂಬೋಕೇ ಒಂದು ವರ್ಷ ಹಿಡೀತು. "ಆಮ್ಯಾಲೆ ಬಿಲ್ ಕಳಿಸ್ತಾರೇನ್ರೀ?" ಅಂತ ಒಬ್ಬ ಅಜ್ಜಿ ನನ್ನನ್ನೇ ಕೇಳಿತ್ತು.

ಗಾಡಿ ಕರೆಯೋದೂ ಸಣ್ಣ ಕೆಲಸ ಅಲ್ಲ. ಹಡಗಲಿ, ಹರಪನಹಳ್ಳಿ ಕಡೆ ತಾಂಡಾಗಳು ಎಷ್ಟು ಅಂತೀರಿ! ದೊಡ್ಡ ತಾಂಡಾ, ಸಣ್ಣ ತಾಂಡಾ, ಹಳೇ ತಾಂಡಾ, ಹೊಸ ತಾಂಡಾ. ಕರೆ ಮಾಡಿದವನು ಗಾಬರಿಯಲ್ಲಿ "ತಾಂಡಾಕ್ಕ ಬರ್ರಿ" ಅಂತ ಹೇಳಿ ಫೋನಿಟ್ಟುಬಿಡ್ತಾನೆ. ಬೆಂಗಳೂರಲ್ಲಿ ಕೂತ ಹುಡುಗಿ ಕಂಪ್ಯೂಟರಲ್ಲಿ ಹುಡುಕಿದ್ರೆ ಒಂದೇ ಹೆಸರಿನವು ನಾಲ್ಕು ಸಿಗ್ತವೆ. ಕೊನೆಗೆ ದಾರಿ ಹೇಳೋದು ಆಶಾ ಕಾರ್ಯಕರ್ತೆ, ಇಲ್ಲಾಂದ್ರೆ ಪೈಲಟ್‌ಗೆ ಗೊತ್ತಿರೋ ಕಿರಾಣಿ ಅಂಗಡಿಯವನು. (108ರಲ್ಲಿ ಡ್ರೈವರ್‌ಗೆ ಪೈಲಟ್ ಅಂತಾರೆ. ನಮ್ಮ ರೋಡ್ ನೋಡಿದವರಿಗೆ ಆ ಹೆಸರು ಯಾಕೆ ಅಂತ ಗೊತ್ತಾಗ್ತದೆ, ಅರ್ಧ ದಾರಿ ಗಾಳೀಲೇ ಇರ್ತೀವಿ.)

ಇರ್ಲಿ, ವಿಷ್ಯಕ್ಕೆ ಬರ್ತೀನಿ. ನಮ್ಮ ವಾದಕ್ಕೆ ಮೂಲ ಆಗಿದ್ದು ಒಂದು ದಿನದ ಕಥೆ.

ಮಳೆಗಾಲ. ಮೆಕ್ಕೆಜೋಳದ ಹೊಲದ ಪಕ್ಕದ ಗುಡಿಸಲಲ್ಲಿ ನೆಲದ ಮೇಲೆ ಮಲಗಿದ್ದ ಹೆಣ್ಣುಮಗಳು, ಮೂವತ್ತರ ಒಳಗಿನ ವಯಸ್ಸು. ನಸುಕಿನಲ್ಲಿ ಹೊಟ್ಟೆನೋವು ಅಂತ ಎದ್ದಿದಾಳೆ. ಗ್ಯಾಸ್ಟ್ರಿಕ್ ಅಂದ್ಕೊಂಡು ಸೋಡಾ ಕುಡಿಸಿದಾರೆ. ಬೆಳಕು ಹರಿಯೋ ಹೊತ್ತಿಗೆ ಮಾತು ತೊದಲ್ತಾ ಇತ್ತಂತೆ, ಕಣ್ಣು ತೆರೆಯೋಕಾಗ್ತಿಲ್ಲ ಅಂದ್ಲಂತೆ. ಗಂಡ 108ಕ್ಕೆ ಫೋನ್ ಮಾಡಿದ. ಅಳಿಯನೇ ಆ ಗಾಡೀಲಿದ್ದ. ಅವನು ಹೋಗಿ ನೋಡಿದ ಮೊದಲನೇದು ರೆಪ್ಪೆ. ಎರಡೂ ರೆಪ್ಪೆ ಜೋತು ಬಿದ್ದಿದ್ವು, ಎತ್ತು ಅಂದ್ರೆ ಎತ್ತೋಕಾಗ್ತಿಲ್ಲ. ಮೈಮೇಲೆ ಎಲ್ಲೂ ಗಾಯ ಇಲ್ಲ, ಬಾವು ಇಲ್ಲ. ಅವನು ಕಾಲ್ ಸೆಂಟರಲ್ಲಿರೋ ಡಾಕ್ಟರಿಗೆ ಫೋನಲ್ಲಿ ಹೇಳಿದ್ದು ಇಷ್ಟೇ: "ಸಾರ್, ಕಟ್ಟುಹಾವು ಇರಬೇಕು."

ಕಟ್ಟುಹಾವು ಅಂದ್ರೆ ಕೆಲವರು ಕಡಂಬಳ ಅಂತಾರಲ್ಲ, ಅದು. ರಾತ್ರಿ ಹೊತ್ತು ನೆಲದ ಮೇಲೆ ಮಲಗಿದವರನ್ನೇ ಕಚ್ಚೋದು ಜಾಸ್ತಿ. ನೋವಿಲ್ಲ, ಕಚ್ಚಿದ ಗುರುತು ಎಷ್ಟೋ ಸಲ ಕಾಣೋದೇ ಇಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಸೇರಿ ನಮ್ಮ ದೇಶದಲ್ಲಿ ಒಂದೇ ಔಷಧಿ, ಎಎಸ್‌ವಿ. ಮಂಡಲದ ಹಾವಾದ್ರೆ ರಕ್ತ ಕೆಡ್ತದೆ. ಅದಕ್ಕೆ ಗಾಜಿನ ಟ್ಯೂಬಲ್ಲಿ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲ್ಲಾಡಿಸದೆ ಇಟ್ಟು, ಬಗ್ಗಿಸಿ ನೋಡ್ತೀವಿ, ಹೆಪ್ಪುಗಟ್ಟಿಲ್ಲ ಅಂದ್ರೆ ವಿಷ ಏರಿದೆ ಅಂತ. ಯಾವ ಮಷೀನೂ ಬೇಡ. ನಾಗರ, ಕಟ್ಟುಹಾವಾದ್ರೆ ನರ ಹಿಡೀತದೆ. ರೆಪ್ಪೆ, ಗಂಟಲು, ಆಮೇಲೆ ಉಸಿರು. ಆ ಹೆಣ್ಣುಮಗಳು ನಮ್ಮ ಬಾಗಿಲಿಗೆ ಬಂದಾಗ ಗಂಟಲಿಗೆ ಬಂದಿತ್ತು.

ಹತ್ತು ವಯಲ್ ಎಎಸ್‌ವಿ ಹಾಕಿದ್ವಿ. ನಿಯೋಸ್ಟಿಗ್ಮಿನ್, ಅಟ್ರೋಪಿನ್ ಕೊಟ್ಟು ನೋಡಿದ್ರು ಡಾಕ್ಟರು (ನಾಗರಹಾವಿಗೆ ಚೆನ್ನಾಗಿ ಕೆಲಸ ಮಾಡ್ತದೆ, ಕಟ್ಟುಹಾವಿಗೆ ಅಷ್ಟಕ್ಕಷ್ಟೇ). ಉಸಿರು ಸಣ್ಣಗಾಗ್ತಾ ಹೋಯ್ತು. ಕಟ್ಟುಹಾವಿನ ವಿಷ ಒಂದ್ಸಲ ನರದ ತುದಿಗೆ ಕೂತ್ರೆ ಎಎಸ್‌ವಿ ಅದನ್ನ ಬಿಡಿಸಲ್ಲ, ನರ ತಾನೇ ಸರಿಹೋಗೋವರೆಗೆ ದಿನಗಟ್ಟಲೆ ಯಾರಾದ್ರೂ ಉಸಿರಾಡಿಸ್ತಾ ಇರ್ಬೇಕು. ಅಂದ್ರೆ ವೆಂಟಿಲೇಟರ್. ಕೊರೋನಾ ಕಾಲದಲ್ಲಿ ಸಣ್ಣ ಆಸ್ಪತ್ರೆಗಳಿಗೂ ವೆಂಟಿಲೇಟರ್ ಬಂದ್ವು, ನಿಜ. ಆದ್ರೆ ವೆಂಟಿಲೇಟರ್ ನಡೆಸೋದು ಫ್ಯಾನ್ ಹಾಕಿದಂಗಲ್ಲ. ಹಗಲೂ ರಾತ್ರಿ ನೋಡ್ಕೊಳ್ಳೋ ಡಾಕ್ಟರು, ನರ್ಸು, ರಕ್ತದ ಗ್ಯಾಸ್ ಪರೀಕ್ಷೆ ಎಲ್ಲಾ ಬೇಕು. ಡಾಕ್ಟರು ಟ್ಯೂಬ್ ಹಾಕಿದ್ರು, ಬಳ್ಳಾರಿಗೆ ಬರೆದ್ರು. ಅಳಿಯನ ಗಾಡಿ ಇನ್ನೂ ಅಂಗಳದಲ್ಲೇ ಇತ್ತು.

ಆ ದಾರಿ ಪೂರ್ತಿ ಅವನು ಅಂಬು ಬ್ಯಾಗ್ ಒತ್ತಿದ. ಆರು ಸೆಕೆಂಡಿಗೆ ಒಂದ್ಸಲ ಅಂದ್ರೆ ತಾಸಿಗೆ ಆರುನೂರು ಸಲ. ಗುಂಡಿ ಬಂದಾಗಲೆಲ್ಲ ಟ್ಯೂಬ್ ಜಾರದಂಗೆ ಇನ್ನೊಂದು ಕೈಯಲ್ಲಿ ಹಿಡಿದಿರಬೇಕು. ಕೈ ಸೋತಾಗ ಆಕೆಯ ಗಂಡನಿಗೆ ಒತ್ತೋದು ಕಲಿಸಿದನಂತೆ, "ನಾನು ಒಂದು ಅಂದಾಗ ಒತ್ತು, ಬಿಡು" ಅಂತ. ಆ ಮನುಷ್ಯ ಅಳ್ತಾನೇ ಎಣಿಸ್ತಿದ್ದನಂತೆ.

ಆಕೆ ಉಳಿದ್ಲು. ಎರಡು ವಾರದ ಮೇಲೆ ನಡ್ಕೊಂಡು ನಮ್ಮ ಆಸ್ಪತ್ರೆಗೇ ಬಂದು, ಡಾಕ್ಟರ ಟೇಬಲ್ ಮೇಲೆ ಒಂದು ಚೀಲ ಶೇಂಗಾ ಇಟ್ಟು ಹೋದ್ಲು.

ಇಷ್ಟಕ್ಕೇ ಮುಗಿದಿದ್ರೆ ನಾವಿಬ್ರೂ ವಾದ ಮಾಡ್ತಿರಲಿಲ್ಲ. ಗಾಡಿ ಬಳ್ಳಾರಿ ದಾರೀಲಿರುವಾಗಲೇ ಇನ್ನೊಂದು ಹಳ್ಳಿಯಿಂದ ಕರೆ ಬಂತು. ಟ್ರ್ಯಾಕ್ಟರ್ ಪಲ್ಟಿಯಾಗಿ ಹುಡುಗ ಕೆಳಗೆ ಸಿಕ್ಕಿದ್ದ. ನಮ್ಮ ಗಾಡಿ ಇಲ್ಲ, ಪಕ್ಕದ ತಾಲ್ಲೂಕಿನ ಗಾಡಿ ಹೊರಟಿತು. ಅದು ಬರೋ ತನಕ ಕಾಯೋಕಾಗದೆ ಊರವರು ಹುಡುಗನ್ನ ಗೂಡ್ಸ್ ಆಟೋದಲ್ಲಿ ಹಾಕ್ಕೊಂಡು ಬಂದ್ರು. ದಾರಿ ಮಧ್ಯೆ ಆಂಬುಲೆನ್ಸ್ ಎದುರು ಸಿಕ್ತು, ಅಲ್ಲೇ ಬದಲಾಯಿಸಿದ್ರು. ಹೊಟ್ಟೆ ಒಳಗೆ ರಕ್ತ ಸೋರಿತ್ತು. ನಮ್ಮ ಬಾಗಿಲಿಗೆ ಬಂದಾಗ ನಾಡಿ ಇರಲಿಲ್ಲ. ಆ ಗಾಡಿಯ ಇಎಂಟಿ ಎದೆ ಒತ್ತುತ್ತಲೇ ಇದ್ದ.

ಅವತ್ತು ತಪ್ಪು ಮಾಡಿದೋರು ಯಾರೂ ಇಲ್ಲ. ಹೆಣ್ಣುಮಗಳನ್ನ ಕಳಿಸದೇ ಇದ್ದಿದ್ರೆ ಸಾಯ್ತಿದ್ಲು. ಗಾಡಿ ಇದ್ದಿದ್ರೆ ಹುಡುಗ ಉಳೀತಿದ್ನಾ? ನನ್ನ ಅಂದಾಜಲ್ಲಿ ಕಷ್ಟ ಇತ್ತು. ಅಳಿಯ ಒಪ್ಪಲ್ಲ. "ಹದಿನೈದು ನಿಮಿಷ ಮೊದ್ಲು ಬಂದಿದ್ರ ಸಲೈನ್ ಹಚ್ಚಿ, ದಾವಣಗೆರಿಗೋ ಹೊಸಪೇಟಿಗೋ ಸೀದಾ ಒಯ್ಯಾಕ ಬರ್ತಿತ್ತು, ಮಾವಾ."

ಈ 'ಸೀದಾ ಒಯ್ಯೋದು' ಅನ್ನೋದೇ ಎರಡನೇ ವಾದ. ಗಾಡಿ ರೋಗಿಯನ್ನ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕಾ, ತಕ್ಕ ಆಸ್ಪತ್ರೆಗೆ ಒಯ್ಯಬೇಕಾ? ಹತ್ತಿರದ್ದಕ್ಕೆ ಒಯ್ದರೆ ಗಾಡಿ ಬೇಗ ಬಿಡುಗಡೆ, ಊರಿಗೆ ವಾಪಸ್. ಆದ್ರೆ ತಲೆಗೆ ಏಟು ಬಿದ್ದು ಒಂದು ಕಣ್ಣಿನ ಪಾಪೆ ಹಿಗ್ಗಿರೋ ಮನುಷ್ಯನ್ನ ಸಿಟಿ ಸ್ಕ್ಯಾನ್ ಇಲ್ಲದ ಕಡೆ ಇಳಿಸಿ, ಚೀಟಿ ಬರೆಸಿ, ಮತ್ತೆ ಹತ್ತಿಸೋದ್ರಲ್ಲಿ ಮುಕ್ಕಾಲು ತಾಸು ಹೋಗ್ತದೆ. ಕೂಡ್ಲಿಗಿ ಹೈವೇ, ಅಂದ್ರೆ ಹಳೇ 13, ಈಗಿನ 50, ಅಲ್ಲಿ ರಾತ್ರಿ ಅಪಘಾತ ಅಂದ್ರೆ ಈ ಲೆಕ್ಕ ಪ್ರತಿ ಸಲ ಹಾಕಲೇಬೇಕು.

ನಾನು ಹತ್ತಿರದ ಆಸ್ಪತ್ರೆ ಪಾರ್ಟಿ. ಸ್ವಾರ್ಥ ಅಂದ್ಕೋಬೇಡಿ. ಹಾವು ಕಡಿತ ತಗೊಳ್ಳಿ. ನಮ್ಮ ಜನ ಈಗಲೂ ಸಣ್ಣ ಆಸ್ಪತ್ರೆ ದಾಟಿ ಬಾಡಿಗೆ ಕಾರಲ್ಲಿ ಸೀದಾ ಬಳ್ಳಾರಿಗೆ ಹೋಗ್ತಾರೆ, ಎಎಸ್‌ವಿ ಮೊದಲ ಡೋಸ್ ಬೀಳೋದು ಎರಡು ತಾಸಿನ ಮೇಲೆ. ಅದೇ ಔಷಧಿ ಹಾದು ಹೋದ ಊರಿನ ಫ್ರಿಜ್ಜಲ್ಲಿ ಇತ್ತು! 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನ ಅಧಿಸೂಚಿತ ಕಾಯಿಲೆ ಅಂತ ಘೋಷಿಸಿತು, ಇನ್ಮೇಲೆ ಪ್ರತಿ ಕೇಸೂ ವರದಿ ಮಾಡ್ಬೇಕು ಅಂತ. ನಾನು ಬರೆಯೋ ರಿಜಿಸ್ಟರ್ ಒಂದು ಜಾಸ್ತಿ ಆಯ್ತು, ಆದ್ರೂ ಖುಷಿಯಾಯ್ತು. ಎಲ್ಲಿ ಎಷ್ಟು ಕಡೀತಾವೆ ಅನ್ನೋ ಲೆಕ್ಕ ಇದ್ರೆ ಎಲ್ಲಿ ಎಷ್ಟು ವಯಲ್ ಇಡ್ಬೇಕು ಅಂತ ಕೇಳೋಕೆ ಬಾಯಿ ಬರ್ತದೆ.

ಹಾರ್ಟ್ ಅಟ್ಯಾಕ್ ಕೂಡ ಹಾಗೇ ಬದಲಾಯ್ತು. ಮೊದ್ಲು ಎದೆನೋವು ಅಂದ್ರೆ ಮಾತ್ರೆ ಚಪ್ಪರಿಸೋಕೆ ಕೊಟ್ಟು ದೊಡ್ಡೂರಿಗೆ ಓಡಿಸೋದೇ ಕೆಲಸ. 2023ರ ಕೊನೆಗೆ ಪುನೀತ್ ರಾಜ್‌ಕುಮಾರ್ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ಬಂತು. ತಾಲ್ಲೂಕು ಆಸ್ಪತ್ರೇಲಿ ಇಸಿಜಿ ತೆಗೆದು ಕಳಿಸಿದ್ರೆ ಜಯದೇವದಂಥ ಹಬ್‌ನಿಂದ ತಜ್ಞರು ನೋಡಿ ಹೇಳ್ತಾರೆ. ದೊಡ್ಡ ಅಟ್ಯಾಕ್ ಆಗಿದ್ರೆ ಟೆನೆಕ್ಟಿಪ್ಲೇಸ್ ಅನ್ನೋ ಇಂಜೆಕ್ಷನ್ ಇಲ್ಲೇ, ಪುಕ್ಕಟೆ. ಹೊರಗೆ ಹತ್ತಾರು ಸಾವಿರ ರೂಪಾಯಿದು. ಮೊದಲಿನ ಸ್ಟ್ರೆಪ್ಟೊಕೈನೇಸ್ ಥರ ನಿಧಾನಕ್ಕೆ ಹನಿಸೋದಿಲ್ಲ, ತೂಕ ನೋಡಿ ಒಂದೇ ಸಲ ಕೊಡೋದು. ಇಂಜೆಕ್ಷನ್ ಆದ ಮೇಲೆ ಕ್ಯಾಥ್‌ಲ್ಯಾಬ್ ಇರೋ ಕಡೆ ಕಳಿಸೋದು. ಅಪ್ಪು ಸತ್ತ ದಿನ ನಮ್ಮ ವಾರ್ಡಲ್ಲಿ ರೋಗಿಗಳೂ ಅತ್ತಿದ್ದು ನೆನಪಿದೆ. ಅವರ ಹೆಸರಿನ ಇಂಜೆಕ್ಷನ್ ಅಂದ್ರೆ ಹಳ್ಳಿಯೋರು ಎರಡನೇ ಮಾತಾಡದೆ ಕೈ ಕೊಡ್ತಾರೆ.

ಅಳಿಯನ ಪ್ರಕಾರ ಇವೆರಡೂ ಔಷಧಿಯ ಕೇಸು, ಏಟಿನ ಕೇಸಿಗೆ ಈ ಲೆಕ್ಕ ಬರಲ್ಲ. ಏಟಿಗೆ ಬೇಕಾಗಿರೋದು ಆಪರೇಷನ್ ಥಿಯೇಟರು, ರಕ್ತ, ಸರ್ಜನ್ನು. ಇದು ಸರಿ, ಒಪ್ತೀನಿ.

ಆದ್ರೆ ಅಲ್ಲಿಂದ ಅವನು ಇನ್ನೊಂದು ಕಡೆ ಹಾರಿದ. ಇಎಂಟಿಗಳಿಗೆ ಇನ್ನೂ ಹೆಚ್ಚು ಮಾಡೋಕೆ ಬಿಡಬೇಕು ಅಂತ. ಈಗ ಔಷಧಿ ಕೊಡೋಕೆ ಫೋನಲ್ಲಿ ಡಾಕ್ಟರ ಅಪ್ಪಣೆ ಬೇಕು. ಗುಡೇಕೋಟೆ ಕಡೆ ಗುಡ್ಡದಲ್ಲಿ ಸಿಗ್ನಲ್ಲೇ ಇರಲ್ಲ, ಅಪ್ಪಣೆ ಎಲ್ಲಿಂದ ಬರ್ಬೇಕು? ಗುಡೇಕೋಟೆ ಕರಡಿಧಾಮ ಕೇಳಿರ್ತೀರಿ. ನಸುಕಿನಲ್ಲಿ ಹೊಲಕ್ಕೆ ಹೋದವರ ಮೇಲೆ ಕರಡಿ ಬೀಳೋದು ಅಲ್ಲಿ ಹೊಸತಲ್ಲ. ಕರಡಿ ಮುಖಕ್ಕೇ ಕೈ ಹಾಕ್ತದೆ. ಅಂಥವರನ್ನ ಅಂಗಾತ ಮಲಗಿಸಿದ್ರೆ ರಕ್ತ ಗಂಟಲಿಗೆ ಇಳಿದು ಉಸಿರು ಕಟ್ತದೆ. ಪ್ರಜ್ಞೆ ಇದ್ರೆ ಮುಂದಕ್ಕೆ ಬಗ್ಗಿಸಿ ಕೂಡಿಸಿಯೇ ಕರ್ಕೊಂಡು ಬರ್ಬೇಕು. ಇದನ್ನ ಯಾವ ಔಷಧಿಯೂ ಇಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ಅಳಿಯ ಒಂದ್ಸಲ ಮಾಡಿ ತೋರಿಸಿದ. ಆ ರೋಗಿ ಕೂತ್ಕೊಂಡೇ ನಮ್ಮ ಬಾಗಿಲಿಗೆ ಬಂದ, ಬಾಯಿಂದ ರಕ್ತ ಬಕೆಟ್‌ಗೆ ಸುರೀತಾ ಇತ್ತು, ಉಸಿರು ಚೆನ್ನಾಗಿತ್ತು.

ಇದೇ ವಾದ ಪ್ರಪಂಚದ ತುಂಬ ನಡೀತಿದೆ ಅನ್ನೋದು ನನಗೆ ಓದ್ತಾ ಓದ್ತಾ ಗೊತ್ತಾಗಿದ್ದು. ಎತ್ತಾಕ್ಕೊಂಡು ಓಡು ಅನ್ನೋದು ಒಂದು ಪಂಥ, ನಿಂತು ಚಿಕಿತ್ಸೆ ಕೊಟ್ಟು ಹೊರಡು ಅನ್ನೋದು ಇನ್ನೊಂದು. ಫ್ರಾನ್ಸಿನವರು ಎರಡನೇ ಪಂಥ, ಆಂಬುಲೆನ್ಸಲ್ಲೇ ಡಾಕ್ಟರು ಬರ್ತಾರೆ. 1997ರಲ್ಲಿ ಪ್ಯಾರಿಸ್‌ನಲ್ಲಿ ಡಯಾನಾ ಅಪಘಾತ ಆದಾಗ ಆಕೆ ಆಸ್ಪತ್ರೆ ತಲುಪೋಕೆ ಒಂದೂವರೆ ತಾಸಿನ ಮೇಲೆ ಹಿಡೀತು. ಅಮೆರಿಕದಲ್ಲಾಗಿದ್ರೆ ಬೇಗ ಒಯ್ತಿದ್ರು ಅಂತ ಆಗ ದೊಡ್ಡ ಚರ್ಚೆ. ಕೆನಡಾದ ಒಂಟಾರಿಯೋದಲ್ಲಿ ದೊಡ್ಡ ಅಧ್ಯಯನ ಮಾಡಿದ್ರು. ಹೃದಯ ನಿಂತವರಿಗೆ ಬೇಗ ಶಾಕ್ ಕೊಡೋ ವ್ಯವಸ್ಥೆ ಇದ್ದಲ್ಲಿ, ಅದರ ಮೇಲೆ ಟ್ಯೂಬು, ಔಷಧಿ ಅಂತ ಸೇರಿಸಿದ್ರೂ ಬದುಕಿದವರ ಪ್ರಮಾಣ ಹೆಚ್ಚಲಿಲ್ಲ ಅಂತ 2004ರಲ್ಲಿ ವರದಿ ಬಂತು. 2008ರಲ್ಲಿ ಗಾಯಾಳುಗಳ ವರದಿ ಬಂತು, ಅಲ್ಲೂ ಲಾಭ ಕಾಣಲಿಲ್ಲ. ಪ್ರಜ್ಞೆ ತೀರಾ ಕಡಿಮೆ ಇದ್ದವರಲ್ಲಂತೂ ಸಾವು ಹೆಚ್ಚೇ ಇತ್ತು. ನಾವೆಲ್ಲ ಬಾಯಿಪಾಠ ಮಾಡಿದ 'ಗೋಲ್ಡನ್ ಅವರ್' ಕೂಡ ಬಾಲ್ಟಿಮೋರಿನ ಕೌಲಿ ಅನ್ನೋ ಸರ್ಜನ್ ಪ್ರಚಾರ ಮಾಡಿದ ಮಾತು. 2001ರಲ್ಲಿ ಇಬ್ಬರು ಕೂತು ಅದರ ಮೂಲ ಹುಡುಕಿದ್ರೆ ಸರಿಯಾಗಿ ಅರವತ್ತೇ ನಿಮಿಷ ಅನ್ನೋಕೆ ಆಧಾರ ಸಿಗಲಿಲ್ಲ.

ಇದನ್ನೆಲ್ಲ ಅಳಿಯನಿಗೆ ಜಂಬದಿಂದ ಹೇಳಿದೆ. ಅವನು ಮಿರ್ಚಿ ತೊಟ್ಟು ಪಕ್ಕಕ್ಕಿಟ್ಟು, "ಒಂಟಾರಿಯೋದಾಗ ದವಾಖಾನಿ ಎಷ್ಟು ದೂರ ಇತ್ತಂತ ಬರೆದಾರೇನು?" ಅಂದ.

ನನಗೆ ಉತ್ತರ ಬರಲಿಲ್ಲ. ಆ ಅಧ್ಯಯನದ ಊರುಗಳಲ್ಲಿ ಗಾಡಿ ಕೆಲವೇ ನಿಮಿಷದಲ್ಲಿ ಬರ್ತಿತ್ತು, ಹತ್ತಿರದಲ್ಲೇ ದೊಡ್ಡ ಆಸ್ಪತ್ರೆ ಇರ್ತಿತ್ತು. ಎರಡು ತಾಸು ಬ್ಯಾಗ್ ಒತ್ಕೊಂಡು ಹೋಗೋನಿಗೆ ಆ ಲೆಕ್ಕ ಹೇಗೆ ಹಿಡಿಸ್ತದೆ? ನಮ್ಮ ಕಡೆಗೆ ಆಗೋ ಲೆಕ್ಕವನ್ನ ನಮ್ಮ ಕಡೆಯೋರೇ ಯಾರಾದ್ರೂ ಹಾಕ್ಬೇಕು.

ಸತ್ತವರ ವಿಷ್ಯವೂ ಇದರಲ್ಲೇ ಬರ್ತದೆ. ಇಎಂಟಿಗೆ ಸಾವು ಘೋಷಿಸೋ ಅಧಿಕಾರ ಇಲ್ಲ, ಡಾಕ್ಟರೇ ಹೇಳ್ಬೇಕು. ಹಾಗಾಗಿ ಆ ಟ್ರ್ಯಾಕ್ಟರ್ ಹುಡುಗನ ಎದೆಯನ್ನ ಓಡೋ ಗಾಡೀಲಿ ನಿಂತ್ಕೊಂಡು, ಬೆಲ್ಟ್ ಇಲ್ಲದೆ, ಅಷ್ಟೂ ದೂರ ಒತ್ತಿದ ಇನ್ನೊಬ್ಬ ಹುಡುಗ. ಓಡೋ ಗಾಡೀಲಿ ಎದೆ ಸರಿಯಾಗಿ ಒತ್ತೋಕಾಗಲ್ಲ ಅಂತ ಇಬ್ಬರಿಗೂ ಗೊತ್ತು. ಬೇರೆ ದೇಶಗಳಲ್ಲಿ ನಿಯಮ ಪಾಲಿಸಿ, ಡಾಕ್ಟರನ್ನ ಫೋನಲ್ಲಿ ಕೇಳಿ, ಸ್ಥಳದಲ್ಲೇ ನಿಲ್ಲಿಸೋಕೆ ಅವಕಾಶ ಇದೆ. ಇಲ್ಲೂ ಇರ್ಬೇಕು ಅಂತ ನಾನಂದೆ. ಇಲ್ಲಿ ಅಳಿಯ ನನಗಿಂತ ಹಳಬ! "ಊರ ಮಂದಿ ಸುತ್ತ ನಿಂತಿರ್ತಾರ ಮಾವಾ. ಅಲ್ಲೇ ಕೈ ಬಿಟ್ರ ನಮ್ಮನ್ನ ಬಿಡ್ತಾರೇನು? ಅವರವ್ವ ಕಾಲು ಹಿಡಕೊಂಡಿರ್ತಾಳ. ಒತ್ತಿಕೋತ ಬಂದ್ರ ಅಕಿಗೂ ಸಮಾಧಾನ."

ಜಾತ್ರೆಗಳ ಡ್ಯೂಟಿ ಬಗ್ಗೆ ಬರೆಯೋಕೆ ಕೂತ್ರೆ ಇನ್ನೊಂದು ಪೋಸ್ಟ್ ಆಗ್ತದೆ. ಮೈಲಾರದ ಕಾರ್ಣಿಕಕ್ಕೆ ಲಕ್ಷಗಟ್ಟಲೆ ಜನ, ಕೊಟ್ಟೂರೇಶ್ವರನ ತೇರಿಗೆ ಪಾದಯಾತ್ರೆಯಲ್ಲಿ ಬರೋರೇ ಎಷ್ಟೋ ಸಾವಿರ. 2017ರ ಫೆಬ್ರವರಿಯಲ್ಲಿ ಕೊಟ್ಟೂರಲ್ಲಿ ತೇರೇ ಉರುಳಿ ಹಲವರಿಗೆ ಗಾಯ ಆಯ್ತಲ್ಲ, ಆಮೇಲಿಂದ ತೇರು ಎಳೆಯೋ ಹೊತ್ತಿಗೆ ನಮ್ಮೋರೆಲ್ಲರಿಗೂ ಒಂಥರಾ ಎದೆ ಡವಡವ. ಇಎಂಟಿಗಳಿಗೆ ಕಲಿಸೋ ಮೊದಲ ಪಾಠ, ಗದ್ದಲದಲ್ಲಿ ಜೋರಾಗಿ ಕೂಗೋನನ್ನ ಬಿಟ್ಟು ಸುಮ್ಮನೆ ಬಿದ್ದಿರೋನ್ನ ಮೊದಲು ನೋಡು ಅಂತ. ಸಾಲಲ್ಲಿ ಕೂಗೋನು ಗೌಡ್ರ ಮಗ ಆಗಿದ್ರೆ ಆ ಪಾಠ ನಡೆಸೋದು ಎಷ್ಟು ಕಷ್ಟ ಅಂತ ಪುಸ್ತಕದಲ್ಲಿಲ್ಲ.

ಸಂಬಳ, ಕೆಲಸದ ಭದ್ರತೆ ವಿಷ್ಯ ಅವನೇ ತೆಗೀಲಿಲ್ಲ, ನಾನೇ ಕೇಳಿದೆ. ರಾಜ್ಯದ 108 ನೌಕರರು ಸಂಬಳಕ್ಕಾಗಿ ಮುಷ್ಕರಕ್ಕಿಳಿದಿದ್ದು 2023ರಲ್ಲೂ ಪೇಪರಲ್ಲಿ ಬಂದಿತ್ತು. 2022ರ ಸೆಪ್ಟೆಂಬರಲ್ಲಿ ಕಾಲ್ ಸೆಂಟರಿನ ಯಂತ್ರ ಕೆಟ್ಟು ರಾಜ್ಯದ ತುಂಬ ಜನ ಕರೆ ಸಿಗದೆ ಪರದಾಡಿದ್ರು. 2025ರಲ್ಲಿ ಸರ್ಕಾರ ಖಾಸಗಿ ಸಂಸ್ಥೆ ಬಿಟ್ಟು ಆರೋಗ್ಯ ಇಲಾಖೆಯಿಂದಲೇ 108 ನಡೆಸ್ತೀವಿ ಅಂತ ಹೇಳಿತು. ಆಂಬುಲೆನ್ಸ್ ಕೆಲಸವನ್ನ ಒಂದು ವೃತ್ತಿ ಅಂತ ಒಪ್ಪಿಕೊಂಡು, 2021ರ ಕೇಂದ್ರದ ಕಾನೂನಿನ ಪಟ್ಟೀಲಿ ಪ್ಯಾರಾಮೆಡಿಕ್ ಹೆಸರು ಸೇರಿಸಿದ್ದೂ ಇದೆ. ಹತ್ತು ವರ್ಷ ಬ್ಯಾಗ್ ಒತ್ತಿದವನ ಹತ್ರ ಆ ಕಾನೂನು ಕೇಳೋ ಡಿಗ್ರಿ ಇಲ್ದಿದ್ರೆ?

ಅವನಿಗೆ ನಾನು ಪಿಟ್ಸ್‌ಬರ್ಗಿನ ಕಥೆ ಹೇಳಿದೆ. ಅಮೆರಿಕದಲ್ಲಿ 1967ರಲ್ಲಿ ಫ್ರೀಡಂ ಹೌಸ್ ಅಂತ ಶುರುವಾಯ್ತು. ಕೆಲಸ ಇಲ್ಲದ ಕಪ್ಪು ಯುವಕರನ್ನ ಸೇರಿಸಿ, ಪೀಟರ್ ಸಫರ್ ಅನ್ನೋ ಡಾಕ್ಟರು ತರಬೇತಿ ಕೊಟ್ರು. ಬಾಯಿಗೆ ಬಾಯಿಟ್ಟು ಉಸಿರು ಕೊಡೋದನ್ನ ಜಗತ್ತಿಗೆ ಕಲಿಸಿದವರಲ್ಲಿ ಇವರೂ ಒಬ್ಬರು. ಅಲ್ಲೀತನಕ ಆ ಊರಲ್ಲಿ ರೋಗಿಗಳನ್ನ ಒಯ್ತಿದ್ದುದು ಪೊಲೀಸ್ ವ್ಯಾನು. ಇವತ್ತಿನ ಪ್ಯಾರಾಮೆಡಿಕ್ ಕೆಲಸಕ್ಕೆ ದಾರಿ ಹಾಕಿಕೊಟ್ಟವರಲ್ಲಿ ಆ ಹುಡುಗರೂ ಸೇರಿದ್ರು. 1975ರಲ್ಲಿ ನಗರಾಡಳಿತ ತನ್ನದೇ ಆಂಬುಲೆನ್ಸ್ ಶುರು ಮಾಡಿತು, ಫ್ರೀಡಂ ಹೌಸ್ ಮುಚ್ಚಿತು, ಅಲ್ಲಿದ್ದ ಅನುಭವಸ್ಥರು ಬಹಳಷ್ಟು ಜನ ಮೂಲೆಗೆ ಬಿದ್ರು.

ಅಳಿಯ ಇದನ್ನ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. "ಮೂಲ್ಯಾಗ ಕುಂತೋರು ಆಮ್ಯಾಲೆ ಏನ್ ಮಾಡಿದ್ರಂತ?" ಅಂದ. ಅಕ್ಕ ಒಳಗಿಂದ "ಊಟಕ್ಕೇಳ್ರೋ, ತಣ್ಣಗಾತು" ಅಂತ ಕೂಗಿದ್ಲು.

ಊಟ ಮಾಡ್ತಾ ಒಂದು ವಿಷ್ಯಕ್ಕೆ ಇಬ್ರೂ ಒಪ್ಪಿದ್ವಿ. ದೊಡ್ಡಾಸ್ಪತ್ರೆಗೆ ಹೋದ ಗಾಡಿ ತಡವಾಗಿ ವಾಪಸ್ ಬರೋದಕ್ಕೆ ರೋಡ್ ಒಂದೇ ಕಾರಣ ಅಲ್ಲ. ಅಲ್ಲಿ ಬೆಡ್ ಖಾಲಿ ಇಲ್ದಿದ್ರೆ ರೋಗಿ ಆಂಬುಲೆನ್ಸಿನ ಸ್ಟ್ರೆಚರ್ ಮೇಲೇ ಇರ್ತಾನೆ. ಸ್ಟ್ರೆಚರ್ ಬಿಟ್ಟು ಗಾಡಿ ಹೊರಡೋಕಾಗಲ್ಲ. ಯಾವ ಊರಲ್ಲಿ ಅಂತ ಬೇಡ, ಒಂದ್ಸಲ ಅಳಿಯ ಒಂದೂವರೆ ತಾಸು ಸ್ಟ್ರೆಚರ್‌ಗಾಗಿ ಕಾದಿದಾನೆ. ಅಲ್ಲಿ ಎರಡು ಸ್ಟ್ರೆಚರ್ ಬದಲಿ ಕೊಡೋ ಪದ್ಧತಿ ಇದ್ರೆ ನಮ್ಮ ಊರಿಗೆ ಗಾಡಿ ಒಂದೂವರೆ ತಾಸು ಮುಂಚೆ ಬರ್ತದೆ. ಇದಕ್ಕೆ ಒಂಟಾರಿಯೋ ಅಧ್ಯಯನ ಬೇಡ.

ನಾನು ಮಾಡಿದ್ದು ಇಷ್ಟು. ನಮ್ಮ ಕ್ಯಾಶುವಾಲ್ಟಿ ಗೋಡೆಗೆ ಒಂದು ಬೋರ್ಡ್ ಹಾಕ್ಸಿದೆ, ಸೀಮೆಸುಣ್ಣದ್ದು. ನಮ್ಮ ಗಾಡಿ ಎಲ್ಲಿದೆ, ಪಕ್ಕದ ತಾಲ್ಲೂಕುಗಳ ಗಾಡಿ ಎಲ್ಲಿವೆ ಅಂತ ಪೈಲಟ್‌ಗಳನ್ನ ಕೇಳಿ ಬರೀತೀವಿ. ರೆಫರ್ ಬರೆಯೋ ಮುಂಚೆ ಡಾಕ್ಟರು ಅದನ್ನ ಒಂದ್ಸಲ ನೋಡ್ತಾರೆ, ಬಳ್ಳಾರಿಯಾ, ದಾವಣಗೆರೆಯಾ, ಗದಗಾ ಅಂತ ಕೇಳ್ತಾರೆ. ಮುಂಚೆ ಫೋನ್ ಮಾಡಿ ಬೆಡ್ ಇದೆಯಾ ಅಂತ ವಿಚಾರಿಸ್ತೀವಿ. ತೀರಾ ಅವಸರ ಇಲ್ಲದ ಕೇಸಿಗೆ ಆಸ್ಪತ್ರೆಯ ಗಾಡಿ ಸಿಗ್ತದಾ ನೋಡ್ತೀವಿ. ಕೆಲವು ದಿನ ಬೋರ್ಡ್ ತುಂಬಿರ್ತದೆ, ಕೆಲವು ದಿನ ಬರೆಯೋಕೆ ಪುರುಸೊತ್ತಿರಲ್ಲ, ಹಳೇದೇ ಇರ್ತದೆ. ಮೊನ್ನೆ ಅಳಿಯ ರೋಗಿ ಇಳಿಸಿ ಹೊರಡುವಾಗ ಅದನ್ನ ನೋಡಿ, ತನ್ನ ಗಾಡಿ ಮುಂದೆ 'ಬಳ್ಳಾರಿ' ಅಂತ ನಿನ್ನೆಯದೇ ಇದ್ದಿದ್ದನ್ನ ಅಂಗಿ ತೋಳಲ್ಲಿ ಒರೆಸಿ, 'ಊರಾಗ ಅದೀನಿ' ಅಂತ ಬರೆದು ಹೋದ.

ನಿಮ್ಮ ಕಡೆ ಹೇಗೆ? ಮಲೆನಾಡು, ಕರಾವಳಿ ಕಡೆಯ ಬ್ಲಾಗಿಗರು ಇದ್ರೆ ಹೇಳಿ. ನಿಮ್ಮೂರಿನ ಗಾಡಿ ದೂರ ಹೋದಾಗ ಆ ಊರಿಗೆ ಯಾರಿರ್ತಾರೆ? ಸ್ಟ್ರೆಚರ್ ಬದಲಿ ಕೊಡೋ ಆಸ್ಪತ್ರೆ ಎಲ್ಲಾದ್ರೂ ನೋಡಿದ್ರೆ ಖಂಡಿತ ಬರೀರಿ, ಅದನ್ನ ಪ್ರಿಂಟ್ ತೆಗೆದು ಒಂದಿಬ್ಬರಿಗೆ ತೋರಿಸೋದಿದೆ.